ಮಿಯಾಂವ್ ಅನ್ನುವ ಮುಂಚೆ

ನನ್ನ ಗಂಡ ಸತ್ತದ್ದು ಊರೆಲ್ಲ ನಗುತ್ತಿದ್ದಾಗ. ನಾನೂ ನಗುತ್ತಿದ್ದೆ. ಹೈಸ್ಕೂಲಿನ ವಾರ್ಷಿಕೋತ್ಸವದ ಶಾಮಿಯಾನದ ಕೆಳಗೆ, ಮೊದಲನೇ ಸಾಲಿನಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದೆ. ಆ ನಗು ನನ್ನ ಬಾಯಲ್ಲಿ ಇರುವಾಗಲೇ ಅವರು ಹೋಗಿಬಿಟ್ಟಿದ್ದರು ಅನ್ನುವುದು ಇವತ್ತಿಗೂ ನನ್ನ ತಲೆಗೆ ಸರಿಯಾಗಿ ಇಳಿದಿಲ್ಲ.

ಅವರು ಆ ಹೈಸ್ಕೂಲಿನಲ್ಲೇ ಚರಿತ್ರೆ ಪಾಠ ಮಾಡುತ್ತಿದ್ದರು. ಚಿದಾನಂದ ಮೇಷ್ಟ್ರು ಅಂದರೆ ಊರಿನ ಮಕ್ಕಳಿಗೆಲ್ಲ ಪ್ರಾಣ. ನಾನು ಪೇಟೆಬೀದಿಯಲ್ಲಿ ನಮ್ಮಪ್ಪ ಬಿಟ್ಟುಹೋದ ಹಿಟ್ಟಿನ ಗಿರಣಿ ನಡೆಸುತ್ತೇನೆ. ಸಂಜೆ ಇಬ್ಬರೂ ಮನೆಗೆ ಬಂದಾಗ ಅವರ ಅಂಗಿಯ ಮೇಲೆ ಸೀಮೆಸುಣ್ಣದ ಪುಡಿ, ನನ್ನ ಹುಬ್ಬಿನ ಮೇಲೆ ರಾಗಿ ಹಿಟ್ಟು. ನಮ್ಮ ಮಗಳು ಮುಕ್ತಾ ಬಾಗಿಲಲ್ಲೇ ನಿಲ್ಲಿಸಿ, "ಇಬ್ಬರೂ ಮೊದಲು ಮೈ ಕೊಡವಿಕೊಳ್ಳಿ" ಅನ್ನುತ್ತಿದ್ದಳು.

ನಮ್ಮ ಊರಿನಲ್ಲಿ ಸಾಯುವವರು ಕೊನೆಗೆ ಏನು ಹೇಳುತ್ತಾರೋ ಅದನ್ನು ಇರುವವರು ನಡೆಸಬೇಕು. ದೊಡ್ಡವರು ಹೇಳಿದ್ದು ಊರಿಗೆಲ್ಲ ಸೇರುತ್ತದೆ, ನಮ್ಮಂಥವರು ಹೇಳಿದ್ದು ಕೇಳಿಸಿಕೊಂಡವರಿಗೆ ಸೇರುತ್ತದೆ. ಹಾಗಾಗಿಯೇ ಇಲ್ಲಿ ಯಾವ ಮನೆಯಲ್ಲೂ ಪಡುವಣ ಬಾಗಿಲು ತೆಗೆಯುವುದಿಲ್ಲ. ಊರು ಕಟ್ಟಿದ ಬಿಲ್ಲಪ್ಪನಾಯಕ ಪ್ರಾಣ ಬಿಡುವಾಗ "ಬಾಗಿಲು ಹಾಕಿ, ಗಾಳಿ ಬರ್ತಿದೆ" ಅಂದಿದ್ದನಂತೆ. ಬಾಗಿಲು ಇಡಿಸುತ್ತೇವೆ, ಬಣ್ಣ ಹೊಡೆಸುತ್ತೇವೆ, ಹಬ್ಬದಲ್ಲಿ ತೋರಣ ಕಟ್ಟುತ್ತೇವೆ, ತೆಗೆಯುವುದು ಮಾತ್ರ ಇಲ್ಲ. ಸಾರಿಗೆ ಉಪ್ಪು ಅರ್ಧ ಹಾಕುತ್ತೇವೆ, ಅದು ರಾಣಿ ಹೊನ್ನಾಜಿಯ ಮಾತು. ಮನೆಯಿಂದ ಹೊರಟವರು ಮೊದಲು ಎಡಕ್ಕೇ ತಿರುಗಬೇಕು, ಅದು ದಳವಾಯಿ ಸಿಂಗಪ್ಪ ಯುದ್ಧದಲ್ಲಿ ಕೂಗಿದ್ದು. ಬಲಕ್ಕೆ ಹೋಗಬೇಕಾದವರು ಒಂದಿಷ್ಟು ದೂರ ಎಡಕ್ಕೆ ಹೋಗಿ, ಮರ್ಯಾದೆಯಿಂದ ತಿರುಗಿ ಬರುತ್ತಾರೆ. ಕ್ಷೌರದಂಗಡಿಯವನ ತಾತ "ಈ ಕಾಫಿ ಬೇಡ" ಅಂದು ಕಣ್ಣು ಮುಚ್ಚಿದ್ದರಿಂದ ಆ ಮನೆಯಲ್ಲಿ ಮೂರು ತಲೆಮಾರಿನಿಂದ ಕಾಫಿ ಕಾಯಿಸಿಲ್ಲ. ವಯಸ್ಸಾದವರು ಇದೇ ಭಯಕ್ಕೆ ಪ್ರತಿ ಮಾತಿನ ತುದಿಗೂ ಒಂದು ಹಾರೈಕೆ ಅಂಟಿಸಿಕೊಂಡಿರುತ್ತಾರೆ. "ಹಿಟ್ಟು ಇನ್ನೂ ನುಣ್ಣಗೆ ಬೇಕು ಕಣಮ್ಮ, ಎಲ್ಲರೂ ಸುಖವಾಗಿರಿ" ಅನ್ನುತ್ತಾರೆ. "ನಿನ್ನ ತಕ್ಕಡಿ ಮೋಸ, ಎಲ್ಲರೂ ಸುಖವಾಗಿರಿ" ಅಂತ ಬೈದದ್ದೂ ಉಂಟು.

ಸಾಯುವವರ ತಲೆದೆಸೆಯಲ್ಲಿ ಕೂತು ಮಾತು ಕೇಳಿಸಿಕೊಳ್ಳುವುದಕ್ಕೆ ಒಬ್ಬರು ಇರುತ್ತಾರೆ. ಅವರನ್ನು ಕೇಳುಗ ಅನ್ನುತ್ತೇವೆ. ಈಗಿನ ಕೇಳುಗ ಗುರುಪಾದಯ್ಯನವರು, ತೆಳ್ಳಗೆ ಉದ್ದಕ್ಕಿರುವ, ಯಾರ ಮನೆಗೆ ಹೋದರೂ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವ ಮನುಷ್ಯ. ಅವರು ಜಗಲಿಗೆ ಬಂದು ನಿಂತು "ಕೇಳಿಸಿಕೊಂಡೆ" ಅಂದರೆ, ಅಲ್ಲಿಗೆ ಮುಗಿಯಿತು.

ನನ್ನ ಗಂಡ ಇದನ್ನೆಲ್ಲ ತಮಾಷೆ ಮಾಡುತ್ತಿದ್ದರು. ಪಾಠದಲ್ಲಿ ಶುರುವಾದದ್ದು, ಬರುಬರುತ್ತ ವಾರ್ಷಿಕೋತ್ಸವದ ಕಾರ್ಯಕ್ರಮವೇ ಆಯಿತು. ವೇದಿಕೆಯ ಮೇಲೆ ಒಂದು ಆರಾಮಕುರ್ಚಿ, ಹೊದೆಯುವುದಕ್ಕೆ ಒಂದು ಕಂಬಳಿ, ಇಷ್ಟೇ ಸಾಮಾನು. ಕುರ್ಚಿಯಲ್ಲಿ ಒರಗಿ ಒಬ್ಬೊಬ್ಬರಾಗಿ ಸಾಯುತ್ತಿದ್ದರು. ಹಿರಿಯರು ಕೆಲವರು ಮುಖ ಸಿಂಡರಿಸುತ್ತಿದ್ದರು, ಆದರೆ ಮೊದಲು ಬಂದು ಒಳ್ಳೆಯ ಜಾಗ ಹಿಡಿಯುತ್ತಿದ್ದವರೂ ಅವರೇ. ನಾನೊಮ್ಮೆ, "ರೀ, ದೊಡ್ಡವರ ಕೊನೇ ಮಾತು, ಆಡಿಕೊಳ್ಳಬಾರದು" ಅಂದಿದ್ದೆ. ಅದಕ್ಕವರು, "ಚರಿತ್ರೆಯಲ್ಲಿ ಎಲ್ಲರೂ ಸಾಯೋರೇ ಕಣೇ ನೀಲಾ. ಎಲ್ಲರಿಗೂ ಅಳ್ತಾ ಕೂತರೆ ಪರೀಕ್ಷೆಗೆ ಮುಂಚೆ ಪಾಠ ಮುಗಿಯುತ್ತಾ?" ಅಂದಿದ್ದರು.

ಆ ದಿನ ಮಧ್ಯಾಹ್ನ ಅವರು ಬಹಳ ಹುರುಪಿನಲ್ಲಿದ್ದರು. ಮೊದಲು ಬಿಲ್ಲಪ್ಪನಾಯಕನಾದರು. ಕಂಬಳಿಯನ್ನು ಮೂಗಿನವರೆಗೆ ಎಳೆದುಕೊಂಡು, ಒಂದು ಸೀನು ಸೀನಿ, "ಬಾಗಿಲು ಹಾಕ್ರೋ, ಗಾಳಿ!" ಅಂದರು. ಎದ್ದು ಮೇಷ್ಟ್ರಾಗಿ, "ಪಾಪ, ನೆಗಡಿ! ಯಾರಾದರೂ ಒಂದು ಲೋಟ ಕಷಾಯ ಕೊಟ್ಟಿದ್ದರೆ ಇವತ್ತು ನಮ್ಮ ಮನೆಗಳಲ್ಲಿ ಸಂಜೆ ಬಿಸಿಲು ಬರ್ತಿತ್ತು" ಅಂದರು. ಆಮೇಲೆ ಹೊನ್ನಾಜಿ. ಬೆರಳನ್ನು ನೆಕ್ಕಿ, ಮುಖ ಹಿಂಡಿ, "ಉಪ್ಪು ಜಾಸ್ತಿ" ಅಂದು ಕುತ್ತಿಗೆ ವಾಲಿಸಿದರು. "ಸಾರಿಗೆ ವಿಷ ಹಾಕಿದ್ದರು ಮಹಾರಾಯರೇ! ಆಯಮ್ಮ ರುಚಿ ಗೊತ್ತಾಗದೆ ತಪ್ಪನ್ನ ಉಪ್ಪಿನ ಮೇಲೆ ಹಾಕಿದಳು. ವಿಷ ಹಾಕಿದವನು ಬಚಾವಾದ, ಉಪ್ಪು ಸಿಕ್ಕಿಹಾಕಿಕೊಂಡಿತು." ದಳವಾಯಿ ಸಿಂಗಪ್ಪನಾಗಿ ಕುರ್ಚಿಯ ಕೈಮೇಲೆ ಕುದುರೆ ಹತ್ತಿದಂತೆ ಕೂತು, ಜಾರುತ್ತ ಜಾರುತ್ತ "ಎಡಕ್ಕೆ! ಎಡಕ್ಕೆ!" ಅಂತ ಕೂಗಿದರು. "ಸೈನ್ಯಕ್ಕೆ ಹೇಳಿದ್ದಲ್ಲ ಕಣ್ರಪ್ಪಾ, ಬೀಳ್ತಾ ಇದೀನಿ, ಎಡಗಡೆ ಬಂದು ಹಿಡ್ಕೊಳ್ಳಿ ಅಂತ!" ಮಕ್ಕಳು ಚಾಪೆಯ ಮೇಲೆ ಉರುಳಾಡಿದರು. ಗುರುಪಾದಯ್ಯನವರು ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಮುಚ್ಚಿಕೊಂಡಿದ್ದರು, ಭುಜಗಳು ಕುಣಿಯುತ್ತಿದ್ದವು.

ಕೊನೆಯದು ಪಾಳೇಗಾರ ಮಲ್ಲರಾಜ. ಮಲ್ಲರಾಜನ ಕೊನೆಯ ಮಾತು "ಇವಳನ್ನ ಊರಾಚೆ ಹಾಕಿ" ಅಂತ. ಆ ಮಾತಿಗೆ ಅವನ ರಾಣಿಯನ್ನು, ಮಂಚದ ಪಕ್ಕದಲ್ಲಿ ನಿಂತು ಗಾಳಿ ಬೀಸುತ್ತಿದ್ದವಳನ್ನು, ಬೀಸಣಿಗೆ ಕೈಯಲ್ಲಿ ಇರುವಾಗಲೇ ಊರಿಂದ ಆಚೆಗೆ ಕಳಿಸಿದರು. ಆಕೆ ಎಲ್ಲಿಗೆ ಹೋದಳೋ ಗೊತ್ತಿಲ್ಲ. ನನ್ನ ಗಂಡನ ಪ್ರಕಾರ ಮಲ್ಲರಾಜ ಹೇಳಿದ್ದು ರಾಣಿಗಲ್ಲ, ಬೆಕ್ಕಿಗೆ. ಅವನು ಒಂದು ಬೆಕ್ಕನ್ನು ಮಗಳ ಹಾಗೆ ಸಾಕಿದ್ದ, ಯಾರಾದರೂ ಅದನ್ನು ಅದು ಇದು ಅಂದರೆ ನಾಲಿಗೆ ಕೀಳಿಸುತ್ತಿದ್ದ, ಅವಳು ಇವಳು ಅಂತಲೇ ಕರೆಯಬೇಕಾಗಿತ್ತು. ಸಾಯುವ ಹೊತ್ತಿಗೆ ಆ ಬೆಕ್ಕು ಬಂದು ಅವನ ಎದೆಯ ಮೇಲೆ ಕೂತಿತ್ತು. ಇದು ಅವರೇ ಹೆಣೆದ ಕಥೆ.

ಈ ಆಟದಲ್ಲಿ ನನಗೂ ಒಂದು ಪಾತ್ರ ಇತ್ತು. ನಾನು ಮುಂದಿನ ಸಾಲಿನಲ್ಲಿ ಕೂತಿರಬೇಕು, ಅವರು ಎದೆ ಹಿಡಿದುಕೊಂಡು, ಕಣ್ಣು ಮೇಲೆ ಮಾಡಿ, ನನ್ನ ಕಡೆಗೆ ಬೆರಳು ತೋರಿಸಿ, "ಇವಳನ್ನ ಊರಾಚೆ ಹಾಕಿ!" ಅನ್ನಬೇಕು. ಜನ ಹೋ ಅಂತ ನಗಬೇಕು. ಅವರು ಸತ್ತಂತೆ ಬಿದ್ದಿರಬೇಕು. ನಗು ಇಳಿಯುವ ಹೊತ್ತಿಗೆ ಕಂಬಳಿಯ ಒಳಗಿಂದ ಸಣ್ಣಗೆ "ಮಿಯಾಂವ್" ಅಂತ ಬರಬೇಕು. ಮಿಯಾಂವ್‌ಗೆ ಮುಂಚೆ ಎಷ್ಟು ಹೊತ್ತು ಸುಮ್ಮನಿರಬೇಕು ಅಂತ ಮನೆಯಲ್ಲಿ ಅಭ್ಯಾಸ ಮಾಡುವಾಗ ನಾನೇ ಹೇಳಿಕೊಟ್ಟಿದ್ದೆ. "ಆತುರ ಬೇಡ, ಜನ ಒಂದು ಸಲ ಪೂರ್ತಿ ನಕ್ಕು ಮುಗಿಸಲಿ" ಅಂದಿದ್ದೆ.

ಅವರು ಎದೆ ಹಿಡಿದುಕೊಂಡರು. ಕಣ್ಣು ಮೇಲೆ ಹೋಯಿತು. ಬೆರಳು ನನ್ನ ಕಡೆ ಬಂತು. "ಇವಳನ್ನ ಊರಾಚೆ ಹಾಕಿ!" ಅಂದರು. ಯಾವ ವರ್ಷವೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಶಾಮಿಯಾನದ ಕಂಬ ಅಲುಗುವ ಹಾಗೆ ಜನ ನಕ್ಕರು. ನಕ್ಕು ಮುಗಿಸಿದರು. ಮಿಯಾಂವ್ ಬರಲಿಲ್ಲ. ಇನ್ನೂ ಎಳೆಯುತ್ತಿದ್ದಾರೆ ಅಂದುಕೊಂಡು ಜನ ಮತ್ತೆ ನಕ್ಕರು, ನಾನು ಅವರಿಗಿಂತ ಜೋರಾಗಿ ನಕ್ಕೆ. ಹಿಂದುಗಡೆಯಿಂದ ಯಾರೋ ಹುಡುಗರು ಅವರ ಬದಲಿಗೆ "ಮಿಯಾಂವ್" ಅಂದರು. ಅದಕ್ಕೂ ನಕ್ಕರು. ಅವರ ಬೆರಳು ಇನ್ನೂ ನನ್ನ ಕಡೆಗೇ ಇತ್ತು. ಆಮೇಲೆ ಆ ಕೈ ಕುರ್ಚಿಯ ಪಕ್ಕಕ್ಕೆ ಜಾರಿ ಜೋತುಬಿತ್ತು. ಅದು ಬಿದ್ದ ರೀತಿ ನೋಡಿ ನನ್ನ ನಗು ನಿಂತಿತು.

ವೇದಿಕೆಗೆ ಮೊದಲು ಹತ್ತಿದವಳು ಮುಕ್ತಾ. "ಅಪ್ಪಾ, ಸಾಕು, ಏಳಿ" ಅನ್ನುತ್ತಲೇ ಹತ್ತಿದಳು. ಆಮೇಲೆ ಡಾಕ್ಟರು ಹೋದರು, ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ತಲೆ ಅಲ್ಲಾಡಿಸಿದರು. ನಾನು ಕುರ್ಚಿಯಿಂದ ಎದ್ದಿದ್ದೆನೋ ಕೂತಿದ್ದೆನೋ ನೆನಪಿಲ್ಲ. ಗುರುಪಾದಯ್ಯನವರು ಎದ್ದು ನಿಂತದ್ದು ಮಾತ್ರ ಗೊತ್ತು. ವಸ್ತ್ರದಿಂದ ಮುಖ ಒರೆಸಿಕೊಂಡರು. ನಗುವಿನ ನೀರು ಇನ್ನೂ ಅವರ ಕೆನ್ನೆಯ ಮೇಲಿತ್ತು. ಅವರು ನನ್ನ ಕಡೆ ನೋಡಿದರು. ಕೊನೆಗೆ ತಗ್ಗಿದ ದನಿಯಲ್ಲಿ, "ಕೇಳಿಸಿಕೊಂಡೆ" ಅಂದರು.

ಏನನ್ನು ಅಂತ ಆ ಕ್ಷಣಕ್ಕೆ ನನಗೆ ಹೊಳೆಯಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಡ್‌ಮಾಸ್ಟರ ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದರು. ಗುರುಪಾದಯ್ಯನವರು ಹಾಗಂದ ಕೂಡಲೇ, ಪಾಪ, ಆಕೆಗೇ ಗೊತ್ತಾಗದ ಹಾಗೆ, ಆ ಕೈಯನ್ನು ಬಿಟ್ಟರು. ಆಗ ಹೊಳೆಯಿತು.

ಮಣ್ಣು ಮಾಡಿ ಬಂದ ಮಾರನೆಯ ದಿನ ಬೆಳಿಗ್ಗೆ ಗುರುಪಾದಯ್ಯನವರು ಮನೆಗೆ ಬಂದರು. ಜೊತೆಗೆ ಹೆಡ್‌ಮಾಸ್ಟರು, ಪೇಟೆಯ ಒಂದಿಬ್ಬರು. ಪಕ್ಕದ ಮನೆಯ ಪುಟ್ಟತಾಯಮ್ಮ ನಮ್ಮ ಅಡುಗೆಮನೆಯಲ್ಲೇ ಇದ್ದಳು. ಸಾವಾದ ಗಳಿಗೆಯಿಂದ ನಮಗೆ ಅನ್ನ ಬೇಯಿಸಿ ಹಾಕುತ್ತಿದ್ದವಳು ಅವಳೇ.

ಮುಕ್ತಾ ಬಾಗಿಲಿಗೆ ಅಡ್ಡ ನಿಂತಳು. "ಅದು ತಮಾಷೆ ಅಂತ ನಿಮಗೆಲ್ಲ ಗೊತ್ತು. ನೀವೂ ನಕ್ಕಿರಿ" ಅಂದಳು.

"ನಕ್ಕೆ ಮಗಳೇ" ಅಂದರು ಗುರುಪಾದಯ್ಯ. "ನಿಮ್ಮಪ್ಪನಷ್ಟು ನನ್ನನ್ನ ನಗಿಸಿದವರು ಇಲ್ಲ. ಆದರೆ ಕೋಪದಲ್ಲಿ ಹೇಳಿದ್ದು, ಜ್ವರದಲ್ಲಿ ಹೇಳಿದ್ದು, ತಮಾಷೆಗೆ ಹೇಳಿದ್ದು ಅಂತ ನಾವು ತೂಗಿ ನೋಡೋ ಹಾಗಿಲ್ಲ. ತೂಗೋಕೆ ಶುರು ಮಾಡಿದರೆ ಎಲ್ಲಿ ನಿಲ್ಲಿಸೋದು?"

"ಅದು ಅಪ್ಪನ ಮಾತೇ ಅಲ್ಲ, ಮಲ್ಲರಾಜನ ಮಾತು."

"ಮಲ್ಲರಾಜ ಸತ್ತು ಎಷ್ಟೋ ಕಾಲವಾಯ್ತು. ಮೊನ್ನೆ ಹೇಳಿದ್ದು ನಿಮ್ಮಪ್ಪ."

"ಅಮ್ಮನಿಗೆ ಹೇಳಿದ್ದಲ್ಲ, ಬೆಕ್ಕಿಗೆ ಹೇಳಿದ್ದು."

ಅವರು ನನ್ನ ಕಡೆ ನೋಡಲಾರದೆ ನೆಲ ನೋಡಿದರು. "ಬೆರಳು ನೀಲಮ್ಮನ ಕಡೆ ಇತ್ತಲ್ಲಮ್ಮ" ಅಂದರು. ಅವರು ಕೆಟ್ಟವರಲ್ಲ. ಅದೇ ನನ್ನನ್ನು ಹೆಚ್ಚು ಕಂಗೆಡಿಸಿದ್ದು. ತಿಥಿ ಮುಗಿದ ಮೇಲೆ ಹೊರಡಬೇಕು, ಅಲ್ಲಿಯವರೆಗೆ ಯಾರೂ ನನಗೆ ತೊಂದರೆ ಕೊಡುವುದಿಲ್ಲ ಅಂತ ಕೈ ಮುಗಿದು ಹೇಳಿ ಹೋದರು. ಕೇಳಿಸಿಕೊಂಡವರೆಲ್ಲರ ಮೇಲೂ ಆ ಮಾತಿನ ಹೊಣೆ ಇದೆ, ಕೇಳಿಸಿಕೊಂಡದ್ದು ಇಡೀ ಊರು.

ಬೆಕ್ಕಿನ ಮಾತು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ಅವರ ವಿದ್ಯಾರ್ಥಿಗಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸಂತೆಮಾಳದಿಂದ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿ ತಂದು, ತಮಟೆ ಬಾರಿಸಿಕೊಂಡು ಊರಿನ ಗಡಿಕಲ್ಲಿನ ಆಚೆಗೆ ಬಿಟ್ಟು ಬಂದರು. ಅವರು ಹಾದುಹೋಗುವಾಗ ಗುರುಪಾದಯ್ಯನವರೂ ಬೀದಿಯಲ್ಲಿ ನಿಂತು ಆಸೆಯಿಂದ ನೋಡಿದರಂತೆ. ಪೇಟೆಯ ಹಿರಿಯರು ಕೂತು ಚರ್ಚೆ ಮಾಡಿದರು. ಬೆಕ್ಕಿಗಾದರೆ "ಇದನ್ನ" ಅನ್ನಬೇಕಿತ್ತು, ಮೇಷ್ಟ್ರು "ಇವಳನ್ನ" ಅಂದಿದ್ದಾರೆ, ಮಲ್ಲರಾಜ ಬೆಕ್ಕನ್ನು ಇವಳು ಅನ್ನುತ್ತಿದ್ದ ಅನ್ನುವುದಕ್ಕೆ ಮೇಷ್ಟ್ರ ಮಾತು ಬಿಟ್ಟರೆ ಬೇರೆ ಆಧಾರ ಇಲ್ಲ, ಮೇಷ್ಟ್ರು ಅದನ್ನು ಹುಟ್ಟಿಸಿ ಹೇಳಿದ್ದು ಅಂತ ಅವರೇ ನಗುತ್ತ ಒಪ್ಪಿಕೊಂಡಿದ್ದರು. ಅಲ್ಲಿಗೆ ಅದೂ ಮುಗಿಯಿತು. ಸಂಜೆ ಬೆಕ್ಕು ತಾನಾಗಿ ವಾಪಸ್ಸು ಬಂತು. ಅದನ್ನು ಯಾರೂ ಏನೂ ಅನ್ನಲಿಲ್ಲ.

ಆಮೇಲೆ ಶುರುವಾಯಿತು ಜನರ ಒಳ್ಳೆಯತನ. ಅದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ಶಾಲೆಯವರು ಹೊಸ ಸೂಟ್‌ಕೇಸ್ ತಂದುಕೊಟ್ಟರು. ಅದರ ಮೇಲೆ ಮಕ್ಕಳು ಬಿಳಿ ಬಣ್ಣದಲ್ಲಿ ನನ್ನ ಹೆಸರು ಬರೆದಿದ್ದರು, ದುಂಡಗಿನ ಅಕ್ಷರದಲ್ಲಿ, ಸುತ್ತ ಬಳ್ಳಿ ಬೇರೆ. ಬಸ್ಸಿನ ಏಜೆಂಟ್ ಬಂದು, "ಅಕ್ಕಾ, ಕಿಟಕಿ ಪಕ್ಕದ ಸೀಟೇ ಹಿಡಿದಿದೀನಿ, ಬಿಸಿಲು ಬೀಳದ ಕಡೆ" ಅಂದ. ಕ್ಷೌರದಂಗಡಿಯವನು ಗಿರಣಿಯನ್ನು ತಾನು ನೋಡಿಕೊಳ್ಳುತ್ತೇನೆ, ಮುಕ್ತಾಳ ಓದಿಗೆ ತೊಂದರೆ ಆಗದ ಹಾಗೆ ನಡೆಸುತ್ತೇನೆ ಅಂತ ದೇವರ ಮೇಲೆ ಆಣೆ ಇಟ್ಟ. "ನಾನೂ ಅಮ್ಮನ ಜೊತೆ ಹೋಗ್ತೀನಿ" ಅಂತ ಮುಕ್ತಾ ಅಂದರೆ, "ನಿನ್ನ ಹೆಸರು ಬಂದಿಲ್ಲವಲ್ಲ ಮಗಳೇ, ನೀನು ಆರಾಮಾಗಿರು" ಅಂತ ಸಮಾಧಾನ ಮಾಡಿದರು. ಪುಟ್ಟತಾಯಮ್ಮ ಕೆಡದಂತೆ ಚಟ್ನಿಪುಡಿ ಕುಟ್ಟಿದಳು, ಚಕ್ಕುಲಿ ಸುಟ್ಟಳು. ಎಣ್ಣೆಯ ಮುಂದೆ ಕೂತು ಅವಳು ಅಳುವುದು ನನಗೆ ಕಾಣುತ್ತಿತ್ತು. ಅಳುತ್ತಲೇ ಚಕ್ಕುಲಿ ತಿರುವಿಹಾಕುತ್ತಿದ್ದಳು.

ಅಳು ಬರದೆ ಇದ್ದದ್ದು ನನಗೆ. ಹೆಣದ ಮುಂದೆಯೂ ಬರಲಿಲ್ಲ, ಮಣ್ಣು ಹಾಕುವಾಗಲೂ ಬರಲಿಲ್ಲ. ಎದೆಯಲ್ಲಿ ಇದ್ದದ್ದೆಲ್ಲ ಸಿಟ್ಟು. ಗಿರಣಿ ಓಡುವಾಗ ಆ ಸದ್ದಿನಲ್ಲಿ ಬಾಯಿಬಿಟ್ಟು ಬೈದರೂ ಯಾರಿಗೂ ಕೇಳುವುದಿಲ್ಲ. ಅದಕ್ಕೇ ದಿನವೂ ಹೋಗಿ ಗಿರಣಿ ಹಾಕುತ್ತಿದ್ದೆ. "ಬೇರೆ ಯಾರೂ ಸಿಗಲಿಲ್ವೇನ್ರೀ ಬೆರಳು ತೋರಿಸೋಕೆ? ಹೆಡ್‌ಮಾಸ್ಟರನ್ನ ತೋರಿಸಿದ್ದರೆ ಆಗ್ತಿರಲಿಲ್ವಾ? ಎದೆ ನೋಯ್ತಿದೆ ಅಂತ ಒಂದು ಮಾತು ಅಂದಿದ್ದರೆ ಏನಾಗ್ತಿತ್ತು?" ಅಂತ ಜೋಳ ಸುರಿಯುತ್ತ ಕೂಗುತ್ತಿದ್ದೆ. ನನ್ನ ಮೇಲೂ ಸಿಟ್ಟು. ಆತುರ ಬೇಡ ಅಂತ ನಾನು ಹೇಳದೆ ಇದ್ದಿದ್ದರೆ ಅವರ ಕೊನೆಯ ಮಾತು ಮಿಯಾಂವ್ ಆಗುತ್ತಿತ್ತು, ನಾವೆಲ್ಲ ಒಂದು ಬೆಕ್ಕು ಸಾಕಿಕೊಂಡು ಇರುತ್ತಿದ್ದೆವು. ಆಗಾಗ ಆ ರಾಣಿಯ ನೆನಪು ಬರುತ್ತಿತ್ತು. ಎಷ್ಟೊಂದು ವರ್ಷ ನಾನು ಆ ಕಥೆಗೆ ನಕ್ಕಿದ್ದೆ. ಬೀಸಣಿಗೆ ಹಿಡಿದುಕೊಂಡು ಗಡಿಕಲ್ಲು ದಾಟಿದ ಹೆಂಗಸು ಆ ಬೀಸಣಿಗೆಯನ್ನು ಎಲ್ಲಿ ಎಸೆದಳು ಅಂತ ಯಾವತ್ತೂ ಯೋಚಿಸಿರಲಿಲ್ಲ.

ತಿಥಿ ಮುಗಿಯಿತು. ಮಾರನೆಯ ಬೆಳಿಗ್ಗೆ ಬಸ್ಸು. ನಾನು ಸ್ನಾನ ಮಾಡಿ, ಸೂಟ್‌ಕೇಸನ್ನು ಗಿರಣಿಯ ಬಾಗಿಲಲ್ಲಿಟ್ಟು, ಒಂದು ಸಲ ಎಲ್ಲ ನೋಡಿ ಬೀಗ ಹಾಕೋಣ ಅಂತ ಒಳಗೆ ಹೋದೆ. ಒಳಗೆ ಚೀಲಗಳು ಸಾಲಾಗಿ ಇದ್ದವು. ನಾನು ಹೋಗುತ್ತೇನೆ ಅಂತ ತಿಳಿದ ಜನ ಹಿಂದಿನ ದಿನವೇ ಮನೆಯಲ್ಲಿದ್ದ ರಾಗಿ, ಗೋಧಿ, ಜೋಳ ಎಲ್ಲ ತಂದು ಇಟ್ಟು ಹೋಗಿದ್ದರು. ಹೊಸಬನ ಕೈಗೆ ಹದ ಸಿಗುವುದು ತಡ ಆದೀತು, ನೀಲಮ್ಮನ ಕೈಯದೇ ಒಂದಿಷ್ಟು ಇರಲಿ ಅಂತ. ನನ್ನನ್ನು ಕಳಿಸುವವರೇ ನನ್ನ ಕೈಯ ಹಿಟ್ಟು ಕೇಳುತ್ತಿದ್ದರು. ನಾನು ಅದನ್ನು ನೋಡುತ್ತ ನಿಂತೆ. ಬರೀ ನಿಂತಿರಲಾರದೆ ಮೋಟಾರ್ ಹಾಕಿದೆ. ಬೆಲ್ಟು ಬಡಿದುಕೊಂಡು ಓಡತೊಡಗಿತು. ಮೊದಲನೇ ಚೀಲ ಸುರಿದೆ.

ಜನ ಬಂದರು, ಅವರ ಜೊತೆ ಮುಕ್ತಾಳೂ ಬಂದಳು. ಗುರುಪಾದಯ್ಯನವರು ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು ಏನೋ ಹೇಳಿದರು. ಸದ್ದಿನಲ್ಲಿ ಕೇಳಲಿಲ್ಲ. ಕೈಸನ್ನೆ ಮಾಡಿ ಬಸ್ಸು ಬಂದಿದೆ ಅಂತ ತೋರಿಸಿದರು. "ಇದೊಂದು ಮುಗೀಲಿ" ಅಂತ ನಾನೂ ಸನ್ನೆ ಮಾಡಿದೆ. ಅದು ಮುಗಿಯಿತು. ನನ್ನ ಕೈ ಎರಡನೇ ಚೀಲದ ಬಾಯಿ ಬಿಚ್ಚಿತು. ಅದನ್ನೂ ಸುರಿದೆ. ಗುರುಪಾದಯ್ಯ ಮತ್ತೆ ಸನ್ನೆ ಮಾಡಿದರು. ನಾನು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದೆ, ಸ್ವಲ್ಪ ತರಿ ಇತ್ತು, ಕಲ್ಲು ಬಿಗಿ ಮಾಡಿದೆ. ಮೂರನೇ ಚೀಲಕ್ಕೆ ಕೈ ಹಾಕಿದಾಗ ನನಗೇ ಗೊತ್ತಾಯಿತು.

"ನಾನು ಹೋಗಲ್ಲ" ಅಂದೆ.

ಯಾರಿಗೂ ಕೇಳಲಿಲ್ಲ. ಮೋಟಾರ್ ಆರಿಸಿದೆ. ಕಲ್ಲು ನಿಧಾನಕ್ಕೆ ತಿರುಗಿ ನಿಂತಿತು. "ನಾನು ಹೋಗಲ್ಲ ಗುರುಪಾದಯ್ಯನವರೇ" ಅಂದೆ.

ಬಾಗಿಲಲ್ಲಿ ಇದ್ದವರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಪುಟ್ಟತಾಯಮ್ಮ ಕೈಯಲ್ಲಿದ್ದ ಬುತ್ತಿಯ ಗಂಟನ್ನು ಎದೆಗೆ ಒತ್ತಿಕೊಂಡಳು. ಯಾರೋ ಮಾಡಿನ ಕಡೆ ನೋಡಿದರು, ಅದು ಈಗ ಕುಸಿಯುತ್ತದೆ ಅನ್ನುವ ಹಾಗೆ. ನಾನೂ ನೋಡಿದೆ. ನಮ್ಮ ಊರಿನಲ್ಲಿ ಹಾಗೆ ಅಂದವರನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಭೂಮಿ ಬಿರಿಯುತ್ತದೋ, ನಾಲಿಗೆ ಬಿದ್ದುಹೋಗುತ್ತದೋ, ಮುಕ್ತಾಳಿಗೆ ಏನಾದರೂ ಆಗಿಬಿಡುತ್ತದೋ ಅಂತ ಅವಳ ಕೈ ಹುಡುಕಿ ಹಿಡಿದುಕೊಂಡೆ. ಎಲ್ಲರೂ ಕಾದೆವು. ಬೀದಿಯಲ್ಲಿ ಬಸ್ಸಿನವನು ಎರಡು ಸಲ ಹಾರನ್ ಹೊಡೆದ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಹೊಡೆದ, ಆಮೇಲೆ ಹೊರಟುಹೋದ. ಹಿಟ್ಟಿನ ಧೂಳು ಗಾಳಿಯಿಂದ ನಿಧಾನವಾಗಿ ಕೆಳಗೆ ಇಳಿಯಿತು. ಅಷ್ಟೇ ಆಯಿತು.

ಗುರುಪಾದಯ್ಯನವರು ಒಳಗೆ ಬಂದು ಒಂದು ಚೀಲದ ಮೇಲೆ ಕೂತರು. ಅವರ ಮುಖ ಬಿಳಿಚಿಕೊಂಡಿತ್ತು. "ಈಗ ಏನು ಮಾಡೋದು ತಾಯಿ?" ಅಂತ ನನ್ನನ್ನೇ ಕೇಳಿದರು.

"ಏನು ಮಾಡಬೇಕು ಅಂತ ಇದೆ?" ಅಂದೆ.

ಅವರು ಬೆರಳು ಮಡಿಚಿ ಹಳೆಯ ಮಾತುಗಳನ್ನೆಲ್ಲ ಎಣಿಸಿಕೊಂಡರು. "ಹೋಗಲ್ಲ ಅಂದರೆ ಏನು ಮಾಡಬೇಕು ಅಂತ ಯಾರೂ ಹೇಳಿ ಸತ್ತಿಲ್ಲ" ಅಂದರು. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿದ ಹಾಗೆ ಕಣ್ಣು ಅಗಲ ಮಾಡಿದರು. "ನಮ್ಮಪ್ಪನೂ ಕೇಳುಗ, ಅವರಪ್ಪನೂ ಕೇಳುಗ. ಎಷ್ಟು ಜನಕ್ಕೆ ಎಂಥೆಂಥ ಮಾತು ಹೊರಿಸಿ ಬಂದಿದೀವಿ. ಒಬ್ಬರಾದರೂ ಇಲ್ಲ ಅಂದಿದ್ದರೆ…" ಅಂದು ಅಲ್ಲಿಗೇ ನಿಲ್ಲಿಸಿದರು.

ಆಗ ಪುಟ್ಟತಾಯಮ್ಮ ಬುತ್ತಿಯನ್ನು ಕೆಳಗಿಟ್ಟಳು. ಅವಳ ದನಿ ಅವಳದ್ದೇ ಅನ್ನಿಸಲಿಲ್ಲ. "ನೀಲಮ್ಮಾ, ನಮ್ಮವ್ವ ಸಾಯುವಾಗ ನನ್ನ ತಂಗಿ ಮೇಲೆ ಯಾವುದೋ ಕೋಪದಲ್ಲಿ, 'ಅವಳ ಮುಖ ನೋಡಬೇಡ' ಅಂದುಬಿಟ್ಟಳು. ಅವಳು ಕೆಳಗಿನ ಬೀದೀಲಿ ಇದಾಳೆ. ಅವಳು ಬಾಣಂತಿ ಆದಾಗ ನಾನು ಹೋಗಲಿಲ್ಲ. ಅವಳ ಮಗು ಹೋದಾಗಲೂ ಹೋಗಲಿಲ್ಲ. ಎದುರಿಗೆ ಬಂದರೆ ಸೆರಗು ಎಳ್ಕೊಂಡು ಗೋಡೆ ಕಡೆ ತಿರುಗ್ತೀನಿ" ಅಂದಳು. ನನ್ನ ಪಕ್ಕದ ಮನೆಯಲ್ಲಿ ಇಷ್ಟು ವರ್ಷ ಇದ್ದವಳು, ನನಗೆ ಇದು ಗೊತ್ತೇ ಇರಲಿಲ್ಲ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು, ಮಾಡನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಏನೂ ಆಗಲ್ವಾ?" ಅಂತ ಕೇಳಿದಳು.

"ನನಗೆ ಗೊತ್ತಿಲ್ಲ ಪುಟ್ಟತಾಯಿ" ಅಂದೆ. ಅದು ನಿಜ. ಮುಕ್ತಾಳ ಕೈಯನ್ನು ನಾನಿನ್ನೂ ಬಿಟ್ಟಿರಲಿಲ್ಲ.

ಅವಳಿಗೆ ಅಷ್ಟೇ ಸಾಕಾಯಿತು. ಚಪ್ಪಲಿ ಮೆಟ್ಟಿಕೊಳ್ಳದೆ 'ಚೆನ್ನೀ' ಅಂತ ತಂಗಿಯ ಹೆಸರು ಕೂಗುತ್ತ ಕೆಳಗಿನ ಬೀದಿಯ ಕಡೆ ಓಡಿದಳು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ. ಬಾಗಿಲಲ್ಲಿದ್ದವರು ಅವಳಿಗೆ ದಾರಿ ಬಿಟ್ಟರು. ಒಬ್ಬೊಬ್ಬರ ಮುಖ ಒಂದೊಂದು ಥರ ಆಗಿತ್ತು. ತಮ್ಮ ತಮ್ಮ ಮನೆಯಲ್ಲಿ ಏನು ಕಳೆದುಕೊಂಡೆವು ಅಂತ ಲೆಕ್ಕ ಹಾಕಲು ಹೆದರುತ್ತಿದ್ದರು ಅಂತ ಕಾಣುತ್ತದೆ. ಕ್ಷೌರದಂಗಡಿಯವನು ಮಾತ್ರ ಸಿಟ್ಟಿನಿಂದ, "ಇಷ್ಟು ಸುಲಭ ಅಂತ ಮೊದಲೇ ಯಾಕೆ ಯಾರೂ ಹೇಳಲಿಲ್ಲ?" ಅಂತ ಗುರುಪಾದಯ್ಯನವರ ಮೇಲೆ ಹರಿಹಾಯ್ದ.

ನಾನು ಗಿರಣಿಯ ಹಿಂದಿನ ಕೋಣೆಗೆ ಹೋದೆ. ಖಾಲಿ ಚೀಲಗಳನ್ನು ಹಾಕುವ ಸಣ್ಣ ಕೋಣೆ ಅದು. ಹೋಗುವುದಿಲ್ಲ ಅಂತ ಹೇಳಿಯಾಗಿತ್ತು, ಇನ್ನು ಮಾಡುವುದಕ್ಕೆ ಬೇರೆ ಕೆಲಸ ಇರಲಿಲ್ಲ. ಕಟ್ಟಬೇಕಾದ ಗಂಟಿಲ್ಲ, ಹಿಡಿಯಬೇಕಾದ ಬಸ್ಸಿಲ್ಲ, ಬೈಯುವುದಕ್ಕೂ ಏನೂ ಉಳಿದಿರಲಿಲ್ಲ. ಇಷ್ಟು ದಿನ ಅವರು ಆಡಿದ ಆ ಒಂದು ಮಾತಿನ ಜೊತೆ ನಾನು ಎಷ್ಟು ಗುದ್ದಾಡಿದ್ದೆ ಅಂದರೆ, ಆಡಿದವರು ಇಲ್ಲ ಅನ್ನುವುದನ್ನು ನೋಡಿರಲೇ ಇಲ್ಲ. ಸಂಜೆ ಆಗುತ್ತದೆ, ಅಂಗಿಯ ತುಂಬ ಸೀಮೆಸುಣ್ಣ ಮಾಡಿಕೊಂಡು ಬರುವವರು ಬರುವುದಿಲ್ಲ. ನಾಳೆ ಸಂಜೆಯೂ ಇಲ್ಲ. ಅದು ನನ್ನನ್ನು ಆಗ, ಆ ಚೀಲಗಳ ನಡುವೆ, ಈಗಷ್ಟೇ ಯಾರೋ ಬಂದು ಹೇಳಿದ ಹಾಗೆ ಹೊಡೆಯಿತು. ನನ್ನ ಬಾಯಿಂದ ಎಂಥ ಕೂಗು ಬಂತು ಅಂತ ನನಗೆ ಗೊತ್ತಿಲ್ಲ. ನೆಲಕ್ಕೆ ಬಿದ್ದು, ಚೀಲ ಕಚ್ಚಿಕೊಂಡು ಅತ್ತೆ.

ಹೊರಗಿದ್ದವರಿಗೆ ಎದೆ ಒಡೆದುಹೋಯಿತಂತೆ. ಮಾತು ಮೀರಿದ್ದಕ್ಕೆ ಇಷ್ಟು ಹೊತ್ತಿಗೆ ಕೇಡು ಬಂತು, ನೀಲಮ್ಮ ಸಾಯುತ್ತಿದ್ದಾಳೆ ಅಂದುಕೊಂಡು ಎಲ್ಲರೂ ಒಟ್ಟಿಗೆ ನುಗ್ಗಿ ಬಂದರು. ಗುರುಪಾದಯ್ಯನವರು ಅಭ್ಯಾಸಬಲದಿಂದ ಮುಂದೆ ಬಂದು, ಕಿವಿ ನನ್ನ ಕಡೆ ಮಾಡಿ ಮಂಡಿಯೂರಿದರು. ಮುಕ್ತಾ ನನ್ನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಇನ್ನೊಂದು ಕೈಯಿಂದ ಅವರನ್ನು ತಡೆದಳು. ಅವಳ ಕೆನ್ನೆಯ ಮೇಲೂ ನೀರು ಹರಿಯುತ್ತಿತ್ತು.

"ಏನೂ ಆಗಿಲ್ಲ ಅಜ್ಜಾ" ಅಂದಳು. "ನಮ್ಮಪ್ಪ ತೀರಿಕೊಂಡರು."